ಊರುಗೋಲಿನ ಬೆಲೆ ತೆರುವವರು ಯಾರು?

ಋಗ್ವೇದದ ಮೊದಲ ಮಂಡಲದಲ್ಲಿ ವಿಶ್ಪಲೆ ಎಂಬವಳ ಪ್ರಸ್ತಾಪ ಬರುತ್ತದೆ. ಖೇಲನೆಂಬ ಅರಸನ ಕಾಳಗದಲ್ಲಿ ಆಕೆಯ ಕಾಲು ತುಂಡಾಯಿತೆಂದೂ, ಅಶ್ವಿನೀದೇವತೆಗಳು ರಾತ್ರಿ ಬೆಳಗಾಗುವುದರೊಳಗೆ ಆಕೆಗೆ ಲೋಹದ ಕಾಲನ್ನು ಜೋಡಿಸಿ ಮತ್ತೆ ನಡೆದಾಡುವಂತೆ ಮಾಡಿದರೆಂದೂ ಸಾಂಪ್ರದಾಯಿಕ ವ್ಯಾಖ್ಯಾನಕಾರರು ಅರ್ಥ ಹೇಳುತ್ತಾರೆ. ಕೃತಕ ಕಾಲಿನ ಕಲ್ಪನೆ ನಮ್ಮಲ್ಲಿ ಎಷ್ಟು ಹಿಂದಿನದು ಎಂಬುದಕ್ಕೆ ಇದನ್ನು ಸಾಮಾನ್ಯವಾಗಿ ಉದಾಹರಿಸಲಾಗುತ್ತದೆ. ಆದರೆ ನನ್ನ ಗಮನವನ್ನು ಸೆಳೆಯುವ ಸಂಗತಿ ಬೇರೆ. ಆ ಕಥೆಯಲ್ಲಿ ಹಣದ ಮಾತೇ ಇಲ್ಲ. ದೇವತೆಗಳು ಕೊಟ್ಟರು, ಆಕೆ ಪಡೆದಳು. ಮನುಷ್ಯಲೋಕದಲ್ಲಿ ಈ ವ್ಯವಹಾರ ಇಷ್ಟು ಸರಳವಾಗಿ ಎಂದೂ ನಡೆದಿಲ್ಲ. ಇಲ್ಲಿ ಕಾಲನ್ನು ಕಲ್ಪಿಸಿದವನೊಬ್ಬ, ತಯಾರಿಸಿದವನೊಬ್ಬ, ಅದು ಬೇಕಾದವನು ಮತ್ತೊಬ್ಬ. ಇವರೆಲ್ಲರ ನಡುವೆ ಉತ್ತರವಿಲ್ಲದೆ ಉಳಿಯುತ್ತಿದ್ದ ಪ್ರಶ್ನೆ ಒಂದೇ: ಇದರ ಬೆಲೆ ತೆರುವವರು ಯಾರು?

ಈ ವಿಷಯವನ್ನು ಬರೆಯಲು ಕಾರಣವಿದೆ. ನನ್ನ ಬಳಿ ಓದಿದ ಹಲವರು ಈಗ ನಡುವಯಸ್ಸು ದಾಟಿದ್ದಾರೆ. ಅವರ ತಂದೆತಾಯಿಗಳಿಗೆ ಕಿವಿ ಮಂದವಾಗಿದೆ. ಕೆಲವರ ಮನೆಗಳಲ್ಲಿ ಹುಟ್ಟಿನಿಂದಲೇ ನಡೆಯಲಾಗದ, ಕೇಳಲಾಗದ ಮಕ್ಕಳಿದ್ದಾರೆ. ದೂರವಾಣಿಯಲ್ಲಿ ಮಾತನಾಡುವಾಗ, "ಸರ್, ಇಂಥದ್ದಕ್ಕೆ ಎಲ್ಲಾದರೂ ಸಹಾಯ ಸಿಗುತ್ತದೆಯೇ?" ಎಂದು ಕೇಳುತ್ತಾರೆ. ಕೇಳಿದ ಮರುಕ್ಷಣವೇ, "ಕೈ ಚಾಚುವುದಕ್ಕೆ ಮನಸ್ಸು ಒಪ್ಪುವುದಿಲ್ಲ" ಎಂದು ತಾವೇ ಹಿಂಜರಿಯುತ್ತಾರೆ. ಈ ಹಿಂಜರಿಕೆಗೆ ನಾನು ಕೊಡಬಹುದಾದ ಉತ್ತರ ಇತಿಹಾಸದಲ್ಲಿದೆ ಎಂಬುದು ನನ್ನ ನಂಬಿಕೆ. ಇತಿಹಾಸದ ಮೇಷ್ಟರಿಂದ ನೀವು ಬೇರೆ ಯಾವ ಉತ್ತರವನ್ನು ತಾನೇ ನಿರೀಕ್ಷಿಸುತ್ತೀರಿ!

ಸರ್ಕಾರಿ ಕಡತಗಳ ಭಾಷೆಯಲ್ಲಿ ಇವುಗಳಿಗೆ 'ಸಾಧನ ಸಲಕರಣೆಗಳು' ಎಂದು ಹೆಸರು. ಊರುಗೋಲು, ಗಾಲಿಕುರ್ಚಿ, ತ್ರಿಚಕ್ರ ವಾಹನ, ಕ್ಯಾಲಿಪರ್, ಕೃತಕ ಕಾಲು, ಶ್ರವಣ ಸಾಧನ, ಬ್ರೈಲ್ ಸ್ಲೇಟು, ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ ತಂತ್ರಾಂಶ, ಇವೆಲ್ಲವೂ ಅದರೊಳಗೆ ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಒಟ್ಟಾಗಿ 2022ರಲ್ಲಿ ಹೊರತಂದ ವರದಿಯ ಪ್ರಕಾರ, ಇಂತಹ ಒಂದಾದರೂ ಸಾಧನ ಬೇಕಾದವರು ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು. ಮೂಗಿನ ಮೇಲಿನ ಕನ್ನಡಕವೂ ಈ ಲೆಕ್ಕದಲ್ಲಿ ಸೇರುತ್ತದೆ. ಆದ್ದರಿಂದ ಈ ಬ್ಲಾಗನ್ನು ಓದುತ್ತಿರುವ ನಿಮ್ಮಲ್ಲಿ ಅನೇಕರು ಆ ಸಂಖ್ಯೆಯೊಳಗೆ ಇದ್ದೀರಿ, ನಾನೂ ಇದ್ದೇನೆ. ಬೇಕಾದ ಸಾಧನ ದೊರೆಯದವರು ಸುಮಾರು 100 ಕೋಟಿ ಎಂದು ಅದೇ ವರದಿ ಹೇಳುತ್ತದೆ. ಶ್ರೀಮಂತ ರಾಷ್ಟ್ರಗಳಲ್ಲಿ ಬೇಕಾದವರ ಪೈಕಿ ಶೇ. 90ರಷ್ಟು ಜನರಿಗೆ ಸಾಧನ ದೊರೆತರೆ, ಕೆಲವು ಬಡ ರಾಷ್ಟ್ರಗಳಲ್ಲಿ ದೊರೆಯುವುದು ಶೇ. 3ರಷ್ಟು ಜನರಿಗೆ ಮಾತ್ರ. ಈ ಅಂತರ ಜಾಣ್ಮೆಯ ಕೊರತೆಯಿಂದ ಉಂಟಾದದ್ದಲ್ಲ. ಗಾಲಿಕುರ್ಚಿ ಮಾಡುವ ವಿದ್ಯೆಯನ್ನು ಯಾರೂ ಗುಟ್ಟಾಗಿ ಇಟ್ಟುಕೊಂಡಿಲ್ಲ. ಕೊರತೆ ಇರುವುದು ಹಣದ ಏರ್ಪಾಟಿನಲ್ಲಿ.

ಆ ಏರ್ಪಾಟು ಒಂದೊಂದು ಕಾಲದಲ್ಲಿ ಒಂದೊಂದು ರೀತಿಯಲ್ಲಿ ಆಗಿದೆ. ಮೊದಲನೆಯದು ಜೋಳಿಗೆ.

ನಮ್ಮ ನಾಡಿನಲ್ಲಿ ಇದಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕಿಂತ ಉಜ್ವಲವಾದ ನಿದರ್ಶನ ಬೇಕಿಲ್ಲ. ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು, ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ, ಅಂಧರಿಗೂ ಅನಾಥರಿಗೂ ಅನ್ನ, ಆಶ್ರಯ ಹಾಗೂ ಸಂಗೀತವಿದ್ಯೆಯನ್ನು ನೀಡುವ ಸಂಸ್ಥೆಯನ್ನು ಕಟ್ಟಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 1944ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಆ ಹೊಣೆಯನ್ನು ಹೊತ್ತು, 2010ರಲ್ಲಿ ತಾವು ದೇಹ ಬಿಡುವವರೆಗೂ ನಡೆಸಿದರು. ಅಷ್ಟೊಂದು ಮಕ್ಕಳ ಊಟ, ಬಟ್ಟೆ, ವಾದ್ಯಗಳಿಗೆ ಹಣ ಎಲ್ಲಿಂದ ಬಂತು? ನಾಟಕ ಕಂಪನಿಯ ಗಲ್ಲಾಪೆಟ್ಟಿಗೆಯಿಂದ ಬಂತು. ಊರೂರು ಸುತ್ತಿ ಮಾಡಿದ ಸಂಗೀತ ಸೇವೆಯಿಂದ ಬಂತು. ಭಕ್ತರು ನಡೆಸಿದ ತುಲಾಭಾರಗಳಿಂದ ಬಂತು. ಪುಟ್ಟರಾಜರು ತಕ್ಕಡಿಯಲ್ಲಿ ಕುಳಿತದ್ದು ತಮ್ಮ ಸನ್ಮಾನಕ್ಕಾಗಿ ಅಲ್ಲ, ಮಕ್ಕಳ ತುತ್ತಿಗಾಗಿ.

ಇದನ್ನು ನೆನೆದು ಕೈಮುಗಿಯದ ಕನ್ನಡಿಗನಿಲ್ಲ. ಆದರೂ ಇತಿಹಾಸದ ವಿದ್ಯಾರ್ಥಿಯಾಗಿ ಒಂದು ಮಿತಿಯನ್ನು ಗುರುತಿಸಲೇಬೇಕು. ದಾನವು ತನ್ನ ಕಣ್ಣೆದುರಿಗೆ ಬಂದವನನ್ನು ಕಾಣುತ್ತದೆ. ಗದುಗಿನ ಬಾಗಿಲಿಗೆ ಬಂದ ಅಂಧ ಬಾಲಕನಿಗೆ ಆಶ್ರಯ ದೊರೆಯಿತು. ಬರಲಾರದೆ ಹಳ್ಳಿಯ ಮೂಲೆಯಲ್ಲಿ ಉಳಿದವನಿಗೆ ದೊರೆಯಲಿಲ್ಲ. ಗವಾಯಿಗಳಂಥ ಪುಣ್ಯಪುರುಷರು ಪ್ರತಿ ಜಿಲ್ಲೆಗೊಬ್ಬರು ಹುಟ್ಟುತ್ತಾರೆಂದು ನೆಚ್ಚಿಕೊಂಡು ಒಂದು ದೇಶ ತನ್ನ ವ್ಯವಸ್ಥೆಯನ್ನು ರೂಪಿಸಲಾಗದು.

ಎರಡನೆಯ ಏರ್ಪಾಟು ಬಂದದ್ದು ಯುದ್ಧದಿಂದ. ಹೇಳಲು ಖೇದವಾಗುತ್ತದೆ, ಆದರೆ ಸತ್ಯ. ಗಣಿಯಲ್ಲಿ, ಗಿರಣಿಯಲ್ಲಿ, ಹೊಲದಲ್ಲಿ ಅಂಗ ಕಳೆದುಕೊಂಡವರ ಬಗ್ಗೆ ಸುಮ್ಮನಿದ್ದ ಸರ್ಕಾರಗಳು, ಸೈನಿಕರು ಗಾಯಗೊಂಡು ಮರಳಿದಾಗ ಬೊಕ್ಕಸದ ಬಾಗಿಲು ತೆರೆದವು. ಎರಡನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಭಾರತೀಯ ಸೈನಿಕರಿಗಾಗಿ 1943ರಲ್ಲಿ ಡೆಹರಾಡೂನಿನಲ್ಲಿ ಸೇಂಟ್ ಡನ್‌ಸ್ಟನ್ಸ್ ಎಂಬ ವಸತಿನಿಲಯ ಆರಂಭವಾಯಿತು. ಮರುವರ್ಷ, 1944ರಲ್ಲಿ, ಕೈಕಾಲು ಕಳೆದುಕೊಂಡ ಯೋಧರಿಗಾಗಿ ಪುಣೆಯಲ್ಲಿ ಸೇನೆಯ ಕೃತಕ ಅಂಗ ಕೇಂದ್ರ ಸ್ಥಾಪನೆಗೊಂಡಿತು. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು. 1950ರಲ್ಲಿ ಡೆಹರಾಡೂನಿನ ಸಂಸ್ಥೆಯನ್ನು ಭಾರತ ಸರ್ಕಾರ ವಹಿಸಿಕೊಂಡು ನಾಗರಿಕ ಅಂಧರಿಗೂ ತೆರೆಯಿತು. ಅದಕ್ಕೆ ಮೊದಲು ನಮ್ಮ ದೇಶದಲ್ಲಿ ಹಲವು ಬಗೆಯ ಬ್ರೈಲ್ ಸಂಕೇತಗಳು ಬಳಕೆಯಲ್ಲಿದ್ದವು. ಒಂದು ಪ್ರಾಂತ್ಯದಲ್ಲಿ ಕಲಿತವನಿಗೆ ಇನ್ನೊಂದು ಪ್ರಾಂತ್ಯದ ಚುಕ್ಕಿಗಳು ಅರ್ಥವಾಗುತ್ತಿರಲಿಲ್ಲ. 1951ರಲ್ಲಿ ಭಾರತಿ ಬ್ರೈಲ್ ಎಂಬ ಏಕರೂಪದ ಲಿಪಿ ಅಂಗೀಕೃತವಾಯಿತು. 'ಕ' ಎಂಬ ಧ್ವನಿಗೆ ಕನ್ನಡದಲ್ಲೂ ಹಿಂದಿಯಲ್ಲೂ ಬಂಗಾಳಿಯಲ್ಲೂ ಒಂದೇ ಚುಕ್ಕಿಗಳು. ಅದೇ ವರ್ಷ ಡೆಹರಾಡೂನಿನಲ್ಲಿ ಕೇಂದ್ರೀಯ ಬ್ರೈಲ್ ಮುದ್ರಣಾಲಯವೂ ಪ್ರಾರಂಭವಾಯಿತು. ಸೈನಿಕನ ಋಣವೆಂದು ತೆರೆದ ಬೊಕ್ಕಸ ಹೀಗೆ ಸಾಮಾನ್ಯನಿಗೂ ತಲುಪತೊಡಗಿತು.

ಸರ್ಕಾರದ ಹಣ ಹೇಗೆ ಅರ್ಧದಾರಿಯಲ್ಲಿ ನಿಂತುಬಿಡುತ್ತದೆ ಎಂಬುದನ್ನು ತಿಳಿಯಲು ಒಮ್ಮೆ ಅಮೆರಿಕದ ಕಡೆ ನೋಡಬೇಕು. ಅಲ್ಲಿ 1931ರಲ್ಲಿ ಪ್ರಾಟ್-ಸ್ಮೂಟ್ ಎಂಬ ಕಾಯ್ದೆಯ ಮೂಲಕ ಅಂಧ ವಯಸ್ಕರ ಪುಸ್ತಕಗಳಿಗಾಗಿ ಅಲ್ಲಿನ ಸಂಸತ್ತಿನ ಗ್ರಂಥಾಲಯಕ್ಕೆ ವರ್ಷಕ್ಕೆ ಒಂದು ಲಕ್ಷ ಡಾಲರ್ ಮಂಜೂರಾಯಿತು. ಆದರೆ ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರ ಬೆರಳಿಗೆ ಬ್ರೈಲ್ ಸುಲಭವಾಗಿ ಒಲಿಯದು. ಆದ್ದರಿಂದ ಪುಸ್ತಕವನ್ನು ಧ್ವನಿತಟ್ಟೆಯಲ್ಲಿ ಓದಿಸಿ ಇಡುವ ಪ್ರಯೋಗ ನಡೆಯಿತು. ಆ ಪ್ರಯೋಗಕ್ಕೆ ಹಣ ಒದಗಿಸಿದ್ದು ಕಾರ್ನೆಗೀ ನಿಧಿ. 1934ರ ಹೊತ್ತಿಗೆ 'ಮಾತನಾಡುವ ಪುಸ್ತಕ' ಸಿದ್ಧವಾಯಿತು. ತಟ್ಟೆಗಳಿಗೆ ಸರ್ಕಾರದ ಹಣ ಸಿಕ್ಕಿತು. ಆದರೆ ಆ ತಟ್ಟೆಗಳನ್ನು ನುಡಿಸುವ ಯಂತ್ರಕ್ಕೆ? ಅದಕ್ಕೆ ಕಾಯ್ದೆಯಲ್ಲಿ ಅವಕಾಶವಿರಲಿಲ್ಲ. ಮಹಾ ಆರ್ಥಿಕ ಕುಸಿತದ ಆ ದಿನಗಳಲ್ಲಿ ಯಂತ್ರವನ್ನು ಕೊಳ್ಳುವ ಶಕ್ತಿ ಬಹುಪಾಲು ಅಂಧರಿಗೆ ಇರಲಿಲ್ಲ. ಗ್ರಂಥಾಲಯದಿಂದ ಪುಸ್ತಕ ಉಚಿತವಾಗಿ ಬರುತ್ತದೆ, ಅದನ್ನು ತೆರೆಯುವ ಕೈ ಮಾತ್ರ ನಿಮ್ಮದೇ ಆಗಿರಬೇಕು ಎಂದಂತಾಯಿತು.

ಇಲ್ಲೊಂದು ಸ್ವಾರಸ್ಯಕರ ಸಂಗತಿ. ಹೆಲೆನ್ ಕೆಲರ್ ಅವರ ಹೆಸರನ್ನು ನಿಮಗೆಲ್ಲ ಪಾಠದಲ್ಲಿ ಹೇಳಿದ್ದೇನೆ. ಈ ಯಂತ್ರಗಳಿಗಾಗಿ ಹಣ ಸಂಗ್ರಹಿಸಲು ಅವರನ್ನು ಕೇಳಿಕೊಂಡಾಗ ಅವರು ಮೊದಲು ಒಪ್ಪಲಿಲ್ಲ. ಲಕ್ಷಾಂತರ ಜನ ಕೆಲಸವಿಲ್ಲದೆ ಹಸಿದಿರುವಾಗ ಇದೊಂದು ಐಷಾರಾಮ ಎಂಬುದು ಅವರ ಅಭಿಪ್ರಾಯವಾಗಿತ್ತು. ಅಂಧರ ಪರವಾಗಿ ಜೀವನವಿಡೀ ದುಡಿದ ಮಹಾತಾಯಿಗೇ ಹಾಗನ್ನಿಸಿತೆಂದರೆ, 'ಇದು ಅಗತ್ಯವೋ ಅನುಕೂಲವೋ' ಎಂಬ ಪ್ರಶ್ನೆ ಎಷ್ಟು ತೊಡಕಿನದೆಂದು ಊಹಿಸಬಹುದು. ಅನಂತರ ಅವರು ಮನಸ್ಸು ಬದಲಾಯಿಸಿ ಈ ಯೋಜನೆಯ ಪರವಾಗಿ ನಿಂತರು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಆಡಳಿತವು ನಿರುದ್ಯೋಗಿಗಳಿಗೆ ಕೆಲಸ ಕೊಡುವ ತನ್ನ ಯೋಜನೆಯಡಿಯಲ್ಲಿಯೇ ಈ ಯಂತ್ರಗಳನ್ನು ತಯಾರಿಸಲು ಒಪ್ಪಿಗೆ ನೀಡಿತು. ಮುಂದಿನ ಏಳೆಂಟು ವರ್ಷಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಯಂತ್ರಗಳು ತಯಾರಾಗಿ ಅಂಧರ ಮನೆಗಳಿಗೆ ಎರವಲಾಗಿ ಹೋದವು. ಕೆಲಸವಿಲ್ಲದವನಿಗೆ ಕೂಲಿ, ಕಣ್ಣಿಲ್ಲದವನಿಗೆ ಪುಸ್ತಕ. ಹಸಿವಿಗೂ ಓದಿಗೂ ಜಗಳ ಹಚ್ಚಬೇಕಾಗಿಲ್ಲ ಎಂಬುದನ್ನು ಆ ಏರ್ಪಾಟು ತೋರಿಸಿಕೊಟ್ಟಿತು.

ಈಗ ನಮ್ಮ ದೇಶಕ್ಕೆ ಮರಳೋಣ. ಜೈಪುರ ಕಾಲಿನ ಹೆಸರನ್ನು ಕೇಳದವರು ವಿರಳ. ಜೈಪುರದ ಸವಾಯಿ ಮಾನ್ ಸಿಂಗ್ ಆಸ್ಪತ್ರೆಯಲ್ಲಿ ಮೂಳೆತಜ್ಞರಾಗಿದ್ದ ಡಾ. ಪ್ರಮೋದ್ ಕರಣ್ ಸೇಠಿ ಮತ್ತು ಹೆಚ್ಚು ಶಾಲೆ ಕಲಿಯದ ಕುಶಲಕರ್ಮಿ ರಾಮಚಂದ್ರ ಶರ್ಮಾ ಇಬ್ಬರೂ ಕೂಡಿ 1960ರ ದಶಕದ ಕೊನೆಯಲ್ಲಿ ಇದನ್ನು ರೂಪಿಸಿದರು. ಪರದೇಶದ ಮಾದರಿಯ ಕೃತಕ ಪಾದಕ್ಕೆ ಬೂಟು ಬೇಕಿತ್ತು. ಅದನ್ನು ಧರಿಸಿ ಚಕ್ಕಳಮಕ್ಕಳ ಹಾಕಿ ಕೂರಲಾಗುತ್ತಿರಲಿಲ್ಲ, ಕುಕ್ಕರುಗಾಲಲ್ಲಿ ಕೂರಲಾಗುತ್ತಿರಲಿಲ್ಲ, ಕೆಸರುಗದ್ದೆಯಲ್ಲಿ ಇಳಿಯಲಾಗುತ್ತಿರಲಿಲ್ಲ. ನೆಲದ ಮೇಲೆ ಕುಳಿತು ಉಣ್ಣುವ, ಬರಿಗಾಲಲ್ಲಿ ದೇವಸ್ಥಾನಕ್ಕೆ ಹೋಗುವ, ನೀರು ನಿಂತ ಗದ್ದೆಯಲ್ಲಿ ದುಡಿಯುವ ನಮ್ಮವನಿಗೆ ಅದು ಮೂಲೆಯಲ್ಲಿ ಇಡುವ ವಸ್ತುವಾಗಿತ್ತು. ಸೇಠಿ ಮತ್ತು ಶರ್ಮಾ ರಬ್ಬರು ಮತ್ತು ಮರವನ್ನು ಬಳಸಿ, ಎಲ್ಲ ಕಡೆಗೂ ಬಾಗುವ, ಕಾಣಲು ನಿಜವಾದ ಪಾದದಂತೆಯೇ ಇರುವ, ಬೂಟು ಬೇಡದ ಪಾದವನ್ನು ಮಾಡಿದರು. ಅದಕ್ಕೆ ಪೇಟೆಂಟನ್ನೂ ಪಡೆಯಲಿಲ್ಲ. ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಬಿಟ್ಟರು. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದೇ ವರ್ಷ ಅಪಘಾತದಲ್ಲಿ ಕಾಲು ಕಳೆದುಕೊಂಡ ಸುಧಾ ಚಂದ್ರನ್ ಜೈಪುರ ಕಾಲನ್ನು ಧರಿಸಿ ಮತ್ತೆ ಭರತನಾಟ್ಯದ ವೇದಿಕೆ ಏರಿದ್ದು ನಿಮಗೆ ತಿಳಿದೇ ಇದೆ.

ಆದರೆ ಇಲ್ಲಿ ನಿಂತು ಯೋಚಿಸಬೇಕಾದ ಒಂದು ಅಂಕಿಯಿದೆ. ಕಾಲು ಸಿದ್ಧವಾದ ಮೊದಲ ಏಳು ವರ್ಷಗಳಲ್ಲಿ, ಅಂದರೆ 1968ರಿಂದ 1975ರವರೆಗೆ, ಅದನ್ನು ಜೋಡಿಸಿಕೊಂಡವರು ಕೇವಲ 59 ಮಂದಿ. ಆವಿಷ್ಕಾರ ಅದ್ಭುತವಾಗಿತ್ತು, ಅಗ್ಗವಾಗಿತ್ತು, ನಮ್ಮ ನೆಲಕ್ಕೆ ಒಪ್ಪುವಂತಿತ್ತು. ಆದರೂ ವರ್ಷಕ್ಕೆ ಎಂಟೋ ಒಂಬತ್ತೋ ಜನ! ಏಕೆಂದರೆ ಕಾಲಿನ ಬೆಲೆ ಕಡಿಮೆಯಾದರೂ ಕಾಲಿನವರೆಗೆ ಬರುವ ಬೆಲೆ ಕಡಿಮೆಯಾಗಿರಲಿಲ್ಲ. ಹಳ್ಳಿಯಿಂದ ಜೈಪುರಕ್ಕೆ ಬಸ್ಸು, ಜೊತೆಗೊಬ್ಬರು, ಉಳಿಯಲು ಜಾಗ, ಊಟ, ಕಳೆದುಹೋಗುವ ದಿನಗೂಲಿ, ಇಷ್ಟನ್ನೂ ಬಡವನು ತಾನೇ ತೆರಬೇಕಾಗಿತ್ತು.

1975ರಲ್ಲಿ ಪರಿಸ್ಥಿತಿ ಬದಲಾಯಿತು. ದೇವೇಂದ್ರ ರಾಜ್ ಮೆಹ್ತಾ ಎಂಬ ಐ.ಎ.ಎಸ್. ಅಧಿಕಾರಿ 1969ರ ಅಪಘಾತವೊಂದರಲ್ಲಿ ಕಾಲಿಗೆ ತೀವ್ರವಾದ ಪೆಟ್ಟು ಬಿದ್ದು, ಅದನ್ನು ಕಳೆದುಕೊಳ್ಳುವ ಭಯವನ್ನು ಸ್ವತಃ ಅನುಭವಿಸಿದವರು. ಅವರು ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯನ್ನು ಸ್ಥಾಪಿಸಿದರು. ದಾನಿಗಳ ಹಣ ಮತ್ತು ಸರ್ಕಾರದ ನೆರವು ಎರಡನ್ನೂ ಒಂದೇ ಕೊಡದಲ್ಲಿ ತುಂಬಿಸಿ, ಬಂದವರಿಗೆ ಕಾಲನ್ನಷ್ಟೇ ಅಲ್ಲ, ಇರಲು ಜಾಗ ಮತ್ತು ಊಟವನ್ನೂ ಉಚಿತವಾಗಿ ಕೊಡುವ ಕ್ರಮವನ್ನು ಅವರು ಜಾರಿಗೆ ತಂದರು. ಹೊತ್ತಲ್ಲದ ಹೊತ್ತಿನಲ್ಲಿ ಬಂದವನನ್ನೂ ಬಾಗಿಲಿನಿಂದ ಹಿಂದೆ ಕಳುಹಿಸುವಂತಿಲ್ಲ. ತಿಂಗಳುಗಟ್ಟಲೆ ಕಾಯಿಸುವಂತಿಲ್ಲ. ಆಮೇಲೆ 59 ಎಂಬ ಸಂಖ್ಯೆ ಸಾವಿರಗಳಾಗಿ, ಲಕ್ಷಗಳಾಗಿ ಬೆಳೆಯಿತು. ಕಾಲು ಮೊದಲಿನದೇ, ಬದಲಾದದ್ದು ಹಣದ ಏರ್ಪಾಟು. ಆವಿಷ್ಕಾರಕ್ಕೆ ಪ್ರಶಸ್ತಿ ಬರುತ್ತದೆ, ಏರ್ಪಾಟಿಗೆ ಬರುವುದು ಅಪರೂಪ. ಮೆಹ್ತಾ ಅವರಿಗೆ 2008ರಲ್ಲಿ ಪದ್ಮಭೂಷಣ ದೊರೆತದ್ದು ಆ ದೃಷ್ಟಿಯಿಂದ ಸಮಾಧಾನದ ಸಂಗತಿ.

ಇದೇ ಕಾಲದಲ್ಲಿ ಸರ್ಕಾರವೂ ತನ್ನದೇ ಕಾರ್ಖಾನೆಯನ್ನು ಕಟ್ಟಿತು. ಅಲಿಮ್ಕೋ ಎಂದು ಕರೆಯಲ್ಪಡುವ ಭಾರತೀಯ ಕೃತಕ ಅಂಗ ತಯಾರಿಕಾ ನಿಗಮವು 1972ರಲ್ಲಿ ಕಾನ್ಪುರದಲ್ಲಿ ಸ್ಥಾಪನೆಯಾಗಿ 1976ರಲ್ಲಿ ಉತ್ಪಾದನೆ ಆರಂಭಿಸಿತು. ಮುಂದೆ ಅದರ ಸಹಾಯಕ ಘಟಕವೊಂದು ನಮ್ಮ ಬೆಂಗಳೂರಿನಲ್ಲಿಯೂ ತೆರೆಯಿತು. ಕಾರ್ಖಾನೆಯೇನೋ ಆಯಿತು, ಆದರೆ ಅಲ್ಲಿ ತಯಾರಾದ ಗಾಲಿಕುರ್ಚಿಯನ್ನು ಬಡವನು ಕೊಳ್ಳುವುದು ಹೇಗೆ? ಅದಕ್ಕೆ ಉತ್ತರವಾಗಿ 1981ರಲ್ಲಿ ಕೇಂದ್ರ ಸರ್ಕಾರವು ಅಡಿಪ್ ಎಂಬ ಯೋಜನೆಯನ್ನು ತಂದಿತು. ಸಾಧನ ಸಲಕರಣೆಗಳನ್ನು ಕೊಳ್ಳಲು ಮತ್ತು ಜೋಡಿಸಿಕೊಳ್ಳಲು ನೆರವು ನೀಡುವ ಯೋಜನೆ ಅದು. 1981ನೆಯ ಇಸವಿಯನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಅಂಗವಿಕಲರ ವರ್ಷವೆಂದು ಘೋಷಿಸಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು.

ಅಡಿಪ್ ಯೋಜನೆ ಹಲವು ಬಾರಿ ಪರಿಷ್ಕೃತವಾಗಿದೆ. 2014ರ ಪರಿಷ್ಕರಣೆಯಲ್ಲಿ ತಿಂಗಳ ಆದಾಯ 15,000 ರೂ. ಮೀರದವರಿಗೆ ಪೂರ್ತಿ ನೆರವು, 20,000 ರೂ.ವರೆಗಿನವರಿಗೆ ಅರ್ಧ ನೆರವು ಎಂದಿತ್ತು. 2022ರಲ್ಲಿ ಈ ಮಿತಿಗಳನ್ನು 22,500 ಮತ್ತು 30,000 ರೂ.ಗಳಿಗೆ ಏರಿಸಲಾಯಿತು. ಹುಟ್ಟುಕಿವುಡಿನ ಮಕ್ಕಳಿಗೆ ಶಸ್ತ್ರಚಿಕಿತ್ಸೆಯ ಮೂಲಕ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟಿಗೆ 2014ರ ಯೋಜನೆಯಲ್ಲಿಯೇ 6 ಲಕ್ಷ ರೂ.ವರೆಗೆ ಅವಕಾಶ ಮಾಡಲಾಯಿತು. ಒಬ್ಬ ಗುಮಾಸ್ತನ ಮನೆಯ ಮಗುವಿಗೆ, ಮನೆ ಮಾರದೆ ಕಿವಿ ಕೇಳಿಸುವ ದಾರಿ ಆಗ ತೆರೆಯಿತು. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಮೂಲಕ ಈ ಯೋಜನೆಯಡಿ ಶ್ರವಣ ಸಾಧನಗಳನ್ನು ಪಡೆದ ಕುಟುಂಬಗಳು ನಮ್ಮ ಕಡೆ ಬಹಳಷ್ಟಿವೆ.

ಇಷ್ಟಾದರೂ ಯೋಜನೆ ಎಂಬುದು ಸರ್ಕಾರದ ಕೃಪೆ. ಈ ವರ್ಷ ಇರಬಹುದು, ಮುಂದಿನ ವರ್ಷ ಅನುದಾನ ಕಡಿಮೆಯಾಗಬಹುದು. ಕೃಪೆಯಿಂದ ಹಕ್ಕಿನ ಕಡೆಗೆ ನಡೆದದ್ದೇ ಈ ಇತಿಹಾಸದ ಕೊನೆಯ ಅಧ್ಯಾಯ. 1995ರ ಅಂಗವಿಕಲರ ಅಧಿನಿಯಮದ 42ನೆಯ ಕಲಮು, ಸಾಧನ ಸಲಕರಣೆ ಒದಗಿಸುವ ಯೋಜನೆಗಳನ್ನು ಸರ್ಕಾರಗಳು ರೂಪಿಸತಕ್ಕದ್ದು ಎಂದು ವಿಧಿಸಿತು. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರ್ 1ರಂದು ಅನುಮೋದಿಸಿತು. ಅದಕ್ಕೆ ಅನುಗುಣವಾಗಿ ಬಂದ 2016ರ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. ಹಳೆಯ ಕಾನೂನಿನಲ್ಲಿ 7 ಬಗೆಯ ನ್ಯೂನತೆಗಳಿದ್ದವು, ಹೊಸದರಲ್ಲಿ 21. ಶೇ. 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯಿರುವ ವಿದ್ಯಾರ್ಥಿಗಳಿಗೆ 18 ವರ್ಷ ತುಂಬುವವರೆಗೆ ಪುಸ್ತಕಗಳನ್ನೂ ತಕ್ಕ ಸಾಧನಗಳನ್ನೂ ಉಚಿತವಾಗಿ ಒದಗಿಸಬೇಕೆಂದು ಅದರ 17ನೆಯ ಕಲಮು ಹೇಳುತ್ತದೆ. ಹೆಸರೇ ಗಮನಿಸಿ: ಅದು 'ಹಕ್ಕುಗಳ' ಅಧಿನಿಯಮ.

ಹಾಗೆಂದು ಎಲ್ಲವೂ ಸರಿಯಾಯಿತು ಎನ್ನಲಾಗದು. ಅದೇ 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದಾಗ ಗಾಲಿಕುರ್ಚಿ, ಬ್ರೈಲ್ ಬೆರಳಚ್ಚು ಯಂತ್ರ ಮೊದಲಾದವುಗಳ ಮೇಲೆ ಶೇ. 5ರ ತೆರಿಗೆ ಬಿತ್ತು. ನಡೆಯುವುದಕ್ಕೂ ಓದುವುದಕ್ಕೂ ತೆರಿಗೆಯೇ ಎಂದು ವಿಕಲಚೇತನರ ಸಂಘಟನೆಗಳು ಪ್ರತಿಭಟಿಸಿದವು. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಳ್ಳುವ ಈ ಬಗೆ ನಮ್ಮ ಆಡಳಿತಕ್ಕೆ ಹೊಸದೇನಲ್ಲ.

ಇನ್ನೊಂದು ಕೊರತೆ ನನ್ನ ಕಣ್ಣಿಗೇ ಬಿದ್ದದ್ದು. ಸೇವೆಯಲ್ಲಿದ್ದಾಗ ಜನಗಣತಿ, ಮತದಾರರ ಪಟ್ಟಿ ಎಂದು ಮನೆಮನೆ ಸುತ್ತುವುದು ನಮ್ಮ ಕೆಲಸದ ಭಾಗವೇ ಆಗಿತ್ತು. ಹಾಗೆ ಸುತ್ತುವಾಗ ಎಷ್ಟೋ ಅಂಗಳಗಳಲ್ಲಿ ಶಿಬಿರದಲ್ಲಿ ಕೊಟ್ಟ ತ್ರಿಚಕ್ರ ವಾಹನಗಳನ್ನು ಕಂಡಿದ್ದೇನೆ. ಟಯರು ಒಡೆದು, ಸರಪಣಿ ತುಕ್ಕು ಹಿಡಿದು, ಸೀಟಿನ ಮೇಲೆ ಕೋಳಿಗಳು ಕಾವು ಕೂತಿದ್ದವು. ಒಡೆಯನು ಜಗಲಿಯ ಮೇಲೆ ಕೈಯೂರಿಕೊಂಡು ಸರಿಯುತ್ತಿದ್ದ. ವಾಹನ ಕೊಡುವ ದಿನ ವೇದಿಕೆ ಇತ್ತು, ಹಾರ ಇತ್ತು, ಭಾವಚಿತ್ರ ಇತ್ತು. ಟಯರು ಬದಲಿಸುವ ದಿನಕ್ಕೆ ಯಾರೂ ಇರಲಿಲ್ಲ. ಶ್ರವಣ ಸಾಧನಕ್ಕೆ ಬ್ಯಾಟರಿ ತೀರುತ್ತದೆ. ಬೆಳೆಯುವ ಮಗುವಿಗೆ ಕ್ಯಾಲಿಪರ್ ಗಿಡ್ಡವಾಗುತ್ತದೆ. ಕೃತಕ ಕಾಲಿನ ಪಾದ ಸವೆಯುತ್ತದೆ. ಸಾಧನವೆಂದರೆ ಒಮ್ಮೆ ಕೊಟ್ಟು ಮುಗಿಯುವ ವಸ್ತುವಲ್ಲ, ಬದುಕಿನುದ್ದಕ್ಕೂ ಬರುವ ಖರ್ಚು. ಅಡಿಪ್ ನಿಯಮಗಳು ಇದನ್ನು ಸ್ವಲ್ಪಮಟ್ಟಿಗೆ ಗುರುತಿಸಿವೆ. ಸಾಮಾನ್ಯವಾಗಿ ಮೂರು ವರ್ಷಗಳ ನಂತರ ಮತ್ತೆ ನೆರವು ಕೇಳಬಹುದು. 12 ವರ್ಷದೊಳಗಿನ ಮಕ್ಕಳಿಗೆ ಒಂದು ವರ್ಷ ಕಳೆದರೆ ಸಾಕು ಎಂದು 2014ರ ನಿಯಮಗಳಲ್ಲಿತ್ತು. ಇದು ತಿಳಿಯದೆ ಗಿಡ್ಡವಾದ ಕ್ಯಾಲಿಪರಿನಲ್ಲೇ ಮಗುವನ್ನು ನಡೆಸುವ ತಂದೆತಾಯಿಗಳು ಇದ್ದಾರೆ.

ಬೆಲೆಯನ್ನೇ ಇಲ್ಲವಾಗಿಸುವ ಮತ್ತೊಂದು ದಾರಿಯೂ ಈ ಕಾಲದಲ್ಲಿ ತೆರೆದಿದೆ. ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ ತಂತ್ರಾಂಶಗಳು ಬಹುಕಾಲ ಕಂಪ್ಯೂಟರಿಗಿಂತಲೂ ದುಬಾರಿಯಾಗಿದ್ದವು. 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರನ್ ಎಂಬ ಅಂಧ ತರುಣರು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು ಬರೆಯತೊಡಗಿದರು. ಅವರ ಗೆಳೆಯ, ಸ್ವತಃ ಅಂಧರಾದ ಜೇಮ್ಸ್ ಟೆ ಜೊತೆಗೂಡಿದರು. ಅದರೊಂದಿಗೆ ಬರುವ ಇ-ಸ್ಪೀಕ್ ಎಂಬ ಧ್ವನಿ ಕನ್ನಡವನ್ನೂ ಓದುತ್ತದೆ. ಉಚ್ಚಾರ ಯಾಂತ್ರಿಕವಾದರೂ ಅರ್ಥವಾಗುತ್ತದೆ. ಬಳಸುವವನಿಗೆ ಇದು ಉಚಿತ. ಆದರೆ ಯಾರೂ ಬೆಲೆ ತೆರಲಿಲ್ಲ ಎಂದು ತಿಳಿಯಬೇಡಿ. ಮೊಝಿಲ್ಲಾ ಪ್ರತಿಷ್ಠಾನದಂತಹ ಸಂಸ್ಥೆಗಳು ಕೊಟ್ಟವು, ಸಾವಿರಾರು ಸಾಮಾನ್ಯರು ಕೈಲಾದಷ್ಟು ಕೊಟ್ಟರು, ಬರೆದವರು ತಮ್ಮ ಯೌವನದ ವರ್ಷಗಳನ್ನು ಕೊಟ್ಟರು. ಗದುಗಿನ ಜೋಳಿಗೆಯ ಇನ್ನೊಂದು ರೂಪವೇ ಇದು. ಆದರೆ ಇದರ ಫಲ ಒಂದೂರಿನ ಬಾಗಿಲಿಗೆ ಸೀಮಿತವಲ್ಲ.

ಇನ್ನು ನೀವು ಕೇಳಿದ ನೇರವಾದ ಪ್ರಶ್ನೆಗೆ ಬರುತ್ತೇನೆ. ಎಲ್ಲಿ ಕೇಳಬೇಕು? ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ ಯುಡಿಐಡಿ ಎಂಬ ವಿಶಿಷ್ಟ ಗುರುತಿನ ಚೀಟಿಯನ್ನು ಪಡೆಯಿರಿ. ಅದಿಲ್ಲದೆ ಮುಂದಿನ ಬಾಗಿಲುಗಳು ತೆರೆಯುವುದು ಕಷ್ಟ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿ ಮಟ್ಟದಲ್ಲಿ ವಿ.ಆರ್.ಡಬ್ಲ್ಯೂ. ಎಂದು ಕರೆಯುವ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿನಲ್ಲಿ ಎಂ.ಆರ್.ಡಬ್ಲ್ಯೂ. ಇದ್ದಾರೆ. ಇವರಲ್ಲಿ ಬಹುಪಾಲು ಜನ ಸ್ವತಃ ವಿಕಲಚೇತನರು, ಅಲ್ಪ ಗೌರವಧನಕ್ಕೆ ದುಡಿಯುವವರು. ಅರ್ಜಿ ತುಂಬುವ ವಿದ್ಯೆ ಅವರಿಗೆ ತಿಳಿದಿದೆ. ಅವರನ್ನು ಗೌರವದಿಂದ ಮಾತನಾಡಿಸಿ. ಜಿಲ್ಲಾ ಕೇಂದ್ರದಲ್ಲಿ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಿದೆ. ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗಾಗಿ ಒಂದು ಪಾಲನ್ನು ಮೀಸಲಿಡಬೇಕೆಂಬ ನಿಯಮವಿದೆ. ಗ್ರಾಮಸಭೆಯಲ್ಲಿ ಎದ್ದು ನಿಂತು, ಈ ವರ್ಷದ ಆ ಹಣ ಯಾವುದಕ್ಕೆ ಖರ್ಚಾಯಿತು ಎಂದು ಕೇಳಿ. ಟಯರು, ಬ್ಯಾಟರಿ, ದುರಸ್ತಿಗೆ ಆ ಹಣವನ್ನು ಬಳಸಿ ಎಂದು ಒತ್ತಾಯಿಸಿ. ಕಂಪನಿಗಳಲ್ಲಿ ದೊಡ್ಡ ಹುದ್ದೆಯಲ್ಲಿರುವ ನನ್ನ ವಿದ್ಯಾರ್ಥಿಗಳಿಗೂ ಒಂದು ಮಾತು. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ, ನಿಗದಿತ ಗಾತ್ರವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕು. ಆ ಹಣದಲ್ಲಿ ಹೊಸ ತ್ರಿಚಕ್ರ ವಾಹನ ಹಂಚಿ ಚಿತ್ರ ತೆಗೆಸುವ ಬದಲು, ಒಂದು ತಾಲ್ಲೂಕಿಗೆ ಒಂದು ದುರಸ್ತಿ ಅಂಗಡಿಯನ್ನು ಐದು ವರ್ಷ ನಡೆಸಿಕೊಟ್ಟರೆ ಎಷ್ಟು ಜನ ಜಗಲಿಯಿಂದ ಇಳಿದು ಬೀದಿಗೆ ಬಂದಾರು!

2011ರ ಜನಗಣತಿಯಂತೆ ದೇಶದಲ್ಲಿ ವಿಕಲಚೇತನರು 2.68 ಕೋಟಿ, ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಅಧಿಕ. ಮುಪ್ಪಿನಿಂದ ಕಣ್ಣು, ಕಿವಿ, ಮೊಣಕಾಲು ಸೋತವರನ್ನೆಲ್ಲ ಸೇರಿಸಿದರೆ ಈ ಲೆಕ್ಕ ಎಲ್ಲಿಗೆ ಮುಟ್ಟೀತು? ಇಂದು ತೆರಿಗೆ ಕಟ್ಟುವವನು ನಾಳೆ ಗಾಲಿಕುರ್ಚಿ ಬೇಕಾದವನು. ನೀವು ಇಷ್ಟು ವರ್ಷ ಕೊಂಡ ಬೆಂಕಿಪೊಟ್ಟಣದಿಂದ ಹಿಡಿದು ಕಾರಿನವರೆಗೆ ತೆರಿಗೆ ಕಟ್ಟಿದ್ದೀರಿ. ನಿಮ್ಮ ಮಗುವಿನ ಶ್ರವಣ ಸಾಧನಕ್ಕೆ ಅರ್ಜಿ ಹಾಕುವುದು ಕೈ ಚಾಚುವುದು ಹೇಗಾದೀತು? ಸರ್ಕಾರಿ ರಸ್ತೆಯಲ್ಲಿ ನಡೆಯಲು ಯಾರೂ ನಾಚುವುದಿಲ್ಲ. ಕೃತಕ ಕಾಲು, ಆ ರಸ್ತೆಯನ್ನು ಮುಟ್ಟಲು ಬೇಕಾದ ಮೊದಲ ಹೆಜ್ಜೆ. ರಸ್ತೆ ಎಷ್ಟು ಸಾರ್ವಜನಿಕವೋ ಹೆಜ್ಜೆಯೂ ಅಷ್ಟೇ ಸಾರ್ವಜನಿಕ.

ಸಂಕೋಚವನ್ನು ಬದಿಗಿಟ್ಟು ಅರ್ಜಿ ಹಾಕಿ. ಒಮ್ಮೆ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಿ ಮತ್ತೆ ಹಾಕಿ. ನಿಮಗೆ ಅಗತ್ಯವಿಲ್ಲದಿದ್ದರೆ ನೆರೆಮನೆಯವರ ಅರ್ಜಿಯನ್ನು ತುಂಬಿಕೊಡಿ. ಅಕ್ಷರ ಕಲಿತದ್ದಕ್ಕೆ ಅದಕ್ಕಿಂತ ಒಳ್ಳೆಯ ಉಪಯೋಗ ನನಗೆ ತಿಳಿದಿಲ್ಲ. ನಿಮ್ಮ ತಾಲ್ಲೂಕಿನಲ್ಲಿ ಗಾಲಿಕುರ್ಚಿಯನ್ನೋ ಶ್ರವಣ ಸಾಧನವನ್ನೋ ದುರಸ್ತಿ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ. ಕೇಳಿದವರಿಗೆ ದಾರಿ ತೋರಿಸಲು ಅನುಕೂಲವಾಗುತ್ತದೆ.